ಸ್ಟೂಲಿನ ಮೇಲೆ ಕಲಿತ ಎಲುಬುಗಳು

ಮನುಷ್ಯನ ಮೈ ಬರೆಯುವುದನ್ನು ಕಲಿಯಬೇಕು ಎಂದು ಬರುವವರಿಗೆ ನಾನು ಹೇಳುವುದು ಇಷ್ಟೇ: ದುಬಾರಿ ಪುಸ್ತಕ ಕೊಳ್ಳಬೇಡಿ, ಕೆಲವು ದಿನ ಮಾಡೆಲ್ ಆಗಿ ಕೂತು ಬನ್ನಿ. ಕಲಿಕೆ ಬೇಗ ಆಗುತ್ತದೆ. ಅವಮಾನವೂ ಬೇಗ ಆಗುತ್ತದೆ, ಅದಕ್ಕೆ ಬೇರೆ ಫೀ ಇಲ್ಲ.

ನಾನು ಹಾಗೆಯೇ ಕಲಿತವನು. ಆಗ ಬೆಳಗಾವಿಯ ಶಿವಬಸವ ನಗರದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಬ್ಯಾನರ್ ಕಟ್ಟುವ ಕೆಲಸ ನನ್ನದು. ಊರು ಖಾನಾಪುರ. ಅಲ್ಲಿ ಅವ್ವ ಒಬ್ಬಳೇ ಖಾನಾವಳಿ ನಡೆಸುತ್ತಿದ್ದಳು. ನಾನು ಬರೆದರೆ ಮುಖ ಚೆನ್ನಾಗಿಯೇ ಬರುತ್ತಿತ್ತು, ಕತ್ತಿನಿಂದ ಕೆಳಗೆ ಮಾತ್ರ ಎಲ್ಲರೂ ಅಕ್ಕಿ ಚೀಲ. ಬೆಳಗಾವಿಯ ದಂಡಿನ ಪ್ರದೇಶ ಕ್ಯಾಂಪಿನ ಹಳೆಯ ಬಂಗಲೆಯಲ್ಲಿ ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರು ಭಾನುವಾರಗಳಂದು ಮೈಕಟ್ಟು ಬರೆಯಲು ಕಲಿಸುತ್ತಾರೆ ಎಂದು ಕೇಳಿ ಹೋದೆ. ಫೀ ಕೇಳಿ ಚಪ್ಪಲಿ ಮೆಟ್ಟುತ್ತಿದ್ದೆ, ಅಷ್ಟರಲ್ಲಿ ಮಾಡೆಲ್ ಕೈಕೊಟ್ಟನೆಂದು ಮಾಸ್ತರರು ಯಾರನ್ನೋ ಬೈಯುತ್ತಿದ್ದದ್ದು ಕೇಳಿಸಿತು. ವ್ಯವಹಾರ ಕುದುರಿಸಬೇಕಾದದ್ದು ಎದುರಿನವನಿಗೆ ಅವಸರ ಇರುವಾಗಲೇ.

"ಸರ್, ನಾ ಕುಂದರ್ತೇನ್ರಿ. ಒಂದ ವರ್ಷ ಪುಕ್ಕಟೆ. ಆಮ್ಯಾಲ ನನಗೂ ಒಂದ ಡ್ರಾಯಿಂಗ್ ಬೋರ್ಡ ಕೊಟ್ಟ ಕಲಸ್ರಿ."

"ಅಂಗಿ ಬಿಚ್ಚು," ಅಂದರು. ಸಂತೆಯಲ್ಲಿ ಎತ್ತು ನೋಡುವವರ ಹಾಗೆ ಸುತ್ತ ಒಂದು ಸಲ ತಿರುಗಿ, ಹೆಗಲ ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿದರು. "ಮಾಂಸ ಅನ್ನೂದ ಇಲ್ಲ. ಭಾಳ ಛಲೋ. ಹಿಂಗ ಇರಬೇಕ ಮತ್ತ. ಮೈ ತುಂಬಿದಿ ಅಂದ್ರ ಮಾತ ಮುರೀತು."

ನಾನು ಗೆದ್ದೆ ಅಂದುಕೊಂಡೆ. ನಿಮಗೊಂದು ಬುದ್ಧಿಮಾತು: ಕರಾರಿನಲ್ಲಿ ಏನು ಸಿಗುತ್ತದೆ ಎನ್ನುವುದನ್ನು ಆಮೇಲೆ ನೋಡಿ. ಅದು ಮುಗಿಯಿತು ಎಂದು ಹೇಳುವ ಹಕ್ಕು ಯಾರದು ಎನ್ನುವುದನ್ನು ಮೊದಲು ನೋಡಿ.

ಬರೀ ಚಡ್ಡಿಯಲ್ಲಿ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಮಾಸ್ತರರು ನೀಲಿ ಚಾಕ್ ಹಿಡಿದು ನನ್ನ ಚರ್ಮದ ಮೇಲೆಯೇ ಎಲುಬಿನ ಗುರುತು ಎಳೆಯುತ್ತಿದ್ದರು. ಎದೆಯ ನಡುವೆ ಒಂದು ಪಟ್ಟಿ, ಅದರ ಎರಡೂ ಬದಿಗೆ ಪಕ್ಕೆಲುಬು, ಸೊಂಟದ ಎರಡು ಮೂಲೆ. ಎಲುಬು ತೋರಿಸುವಾಗ ಅವರ ಬಿದಿರ ಕಡ್ಡಿಯ ತುದಿ ತಣ್ಣಗೆ ಕುಟ್ಟುತ್ತಿತ್ತು.

"ಸರ್, ಅಸ್ಥಿಪಂಜರ ತರಸೂದ ತಪ್ಪಿತು ನೋಡ್ರಿ," ಅಂದ ಮಹಾಂತೇಶ ನಗರದ ಬಟ್ಟೆ ವ್ಯಾಪಾರಿಯ ಮಗ.

"ಅದಾದ್ರ ನೆಟ್ಟಗ ನಿಂದರತೈತಿ. ಇದು ಅಳ್ಳಾಡತೈತಿ," ಅಂದರು ಮಾಸ್ತರರು.

"ಉಸರ ಬಿಡಬ್ಯಾಡೋ ಹಾರ್ಮೋನಿಯಂ, ನನ್ನ ಗೆರಿ ತಪ್ಪತಾವು!" ಅಂದ ಬರೆಯುತ್ತಿದ್ದ ಇನ್ನೊಬ್ಬ.

ಎಲ್ಲರೂ ನಕ್ಕರು. ನಗುವುದಕ್ಕೂ ನನಗೆ ಅಪ್ಪಣೆ ಇರಲಿಲ್ಲ, ಹೊಟ್ಟೆ ಕುಣಿಯುತ್ತದೆ.

ಆದರೆ ನಾನು ಸುಮ್ಮನೆ ಕೂತಿರಲಿಲ್ಲ. ಮಾಸ್ತರರು ಒಂದೊಂದೇ ಬೋರ್ಡಿನ ಮುಂದೆ ನಿಂತು ತಪ್ಪು ಹೇಳುತ್ತಿದ್ದರು. ಬರೆಯುವವರು ತಮ್ಮ ತಮ್ಮ ತಪ್ಪನ್ನಷ್ಟೇ ಕೇಳುತ್ತಿದ್ದರು, ನಡುವೆ ಕೂತ ನನ್ನ ಕಿವಿಗೆ ಎಲ್ಲರ ತಪ್ಪೂ ಬೀಳುತ್ತಿತ್ತು. ಕೆಲವು ವಾರ ನನ್ನನ್ನು ನಿಲ್ಲಿಸುತ್ತಿದ್ದರು: ಒಂದು ಕಾಲಿನ ಮೇಲೆ ಭಾರ ಬಿಟ್ಟರೆ ಆ ಬದಿಯ ಸೊಂಟ ಏರುತ್ತದೆ, ಅದೇ ಬದಿಯ ಹೆಗಲು ಇಳಿಯುತ್ತದೆ. ಅವರಿಗೆ ಅದು ಪಾಠ, ನನಗೆ ಜೋಮು ಹಿಡಿದ ತೊಡೆ. ವಾರವಿಡೀ ಅಂಗಡಿಯಲ್ಲಿ ಹರಿದ ಫ್ಲೆಕ್ಸಿನ ಬಿಳಿ ಬೆನ್ನಿನ ಮೇಲೆ ಇದ್ದಲಿನಲ್ಲಿ ಅದನ್ನೇ ಬರೆಯುತ್ತಿದ್ದೆ. ಅಕ್ಕಿ ಚೀಲಗಳಿಗೆ ನಿಧಾನಕ್ಕೆ ಸೊಂಟ ಬಂತು.

ದೀಪಾವಳಿಗೆ ಊರಿಗೆ ಹೋದಾಗ ಅವ್ವ ಉಣ್ಣಿಸಿಯೇ ಉಣ್ಣಿಸಿದಳು. ಮರಳಿ ಬಂದ ಮೊದಲ ಭಾನುವಾರವೇ ಮಾಸ್ತರರು ಎಲ್ಲರೆದುರು ನನ್ನ ಹೊಟ್ಟೆ ಚಿವುಟಿದರು. "ಅವ್ವ ಭಾಳ ತಿನಿಸ್ಯಾಳ. ಇಳಿಸ್ಕೊಂಡ ಬಾ. ಇಲ್ಲಂದ್ರ ಬೋರ್ಡ ಮರ್ತಬಿಡು." ಅವ್ವ ರೈಲಿನಲ್ಲಿ ಕಳಿಸುತ್ತಿದ್ದ ಬುತ್ತಿಯನ್ನು ಅಂಗಡಿಯವರಿಗೆ ಹಂಚಿ ನಾನು ಚಹಾ ಕುಡಿಯುತ್ತಿದ್ದೆ. ಮುಂದಿನ ಸಲ ಕಂಡಾಗ ಆಕೆ ನನ್ನ ರಟ್ಟೆ ಹಿಡಿದು ನೋಡಿದಳು.

"ಖಾನಾವಳಿಯಾಕಿ ಮಗಾ ಹಿಂಗ ಅದಾನಂದ್ರ ಯಾರೋ ಬರ್ತಾರ ನನ್ನ ಕಡೆ ಉಣ್ಣಾಕ?"

"ಚಿತ್ರ ಕಲಿಯೋರು ಹಿಂಗ ಇರ್ತಾರವ್ವಾ."

ವರ್ಷದ ಕೊನೆಗೆ ಬಂಗಲೆಯಲ್ಲೇ ಪ್ರದರ್ಶನ. ಗೋಡೆ ತುಂಬ ನಾನೇ: ಮುಂದಿನಿಂದ, ಹಿಂದಿನಿಂದ, ತಲೆಯಿಲ್ಲದೆ. ಅತಿಥಿಗಳು ಚಿತ್ರವನ್ನು ಅಸಲಿನ ಜೊತೆ ತಾಳೆ ನೋಡಲಿ ಎಂದು ಮಾಸ್ತರರು ನನ್ನನ್ನು ಚಾಕ್ ಗುರುತಿನ ಸಮೇತ ನಡುವೆ ಕೂರಿಸಿದರು. "ಇವತ್ತೊಂದ ದಿನ ಅಳ್ಳಾಡಬ್ಯಾಡ. ನಾಳಿಂದ ನಿನ್ನ ಬೋರ್ಡಿನ ಮಾತ ಆಡೂಣು."

ಆ ಮಾತಿಗೆ ಕಲ್ಲಾಗಿ ಕೂತಿದ್ದೆ. ಆಗ ಅವ್ವ ಬಂದಳು. ಪ್ರದರ್ಶನ ಇದೆಯೆಂದು ಅಂಗಡಿ ಮಾಲೀಕರು ಫೋನಿನಲ್ಲಿ ಹೇಳಿಬಿಟ್ಟಿದ್ದರು. ಮಗ ಬರೆದ ಚಿತ್ರ ಹುಡುಕುತ್ತ ಒಂದು ಗೋಡೆ ಮುಗಿಸಿ, ಎರಡನೆಯದರ ಅರ್ಧಕ್ಕೆ ನಿಂತಳು. ಚಿತ್ರದಲ್ಲಿರುವವನು ಯಾರೆಂದು ಗೊತ್ತಾಯಿತು. ತಿರುಗಿ ನನ್ನನ್ನು ಕಂಡಳು.

"ಇಳಿ," ಅಂದಳು ಹತ್ತಿರ ಬಂದು.

"ಇನ್ನ ಸ್ವಲ್ಪ ಹೊತ್ತವ್ವಾ."

"ಇದರಾಗ ನಿಂದ ಯಾವದು?"

"ಒಂದೂ ಇಲ್ಲ."

"ಮತ್ತ ವರ್ಷಗಟ್ಲೆ ಏನ ಕಲ್ತಿ?"

ಜನ ಸುತ್ತ ಸೇರಿದರು. ಕೇಳುವುದಿದ್ದರೆ ನಾಲ್ಕು ಜನರ ಮುಂದೆಯೇ ಕೇಳಬೇಕು ಎನ್ನುವುದು ಈಗಲೂ ನನ್ನ ಪದ್ಧತಿ. ಇಳಿದು, ಮಾಸ್ತರರಿಗೆ ತೋರಿಸಲೆಂದು ತಂದು ಸ್ಟೂಲಿನ ಕೆಳಗಿಟ್ಟಿದ್ದ ಫ್ಲೆಕ್ಸ್ ಸುರುಳಿ ಬಿಚ್ಚಿ, ನಾನು ಬರೆದ ನಿಂತ ಮನುಷ್ಯನನ್ನು ನೆಲದ ಮೇಲೆ ಹಾಸಿದೆ. "ಸರ್, ವರ್ಷ ತುಂಬಿತ್ರಿ. ನನ್ನ ಬೋರ್ಡ?"

ಮಾಸ್ತರರು ಬಹಳ ಹೊತ್ತು ನೋಡಿದರು. ತಪ್ಪು ಹುಡುಕಿದರು, ನನಗೆ ಗೊತ್ತಾಯಿತು. ಸಿಗಲಿಲ್ಲವೋ ಏನೋ.

"ಕೈ ಕುಂತೈತಿ. ಆದ್ರ ಬೋರ್ಡ ಹಿಡಿಯೋರು ಓಣಿಗೊಬ್ಬರು ಸಿಗ್ತಾರ, ಇಂಥಾ ಎಲುಬು ಸಿಗಂಗಿಲ್ಲ. ಇನ್ನೊಂದ ವರ್ಷ ಕುಂದ್ರು."

"ಅವರಿಗೆ ಚಿತ್ರಾನ ಬ್ಯಾಡಂತ," ಅಂದಳು ಅವ್ವ ನನಗೆ. "ಅಂಗಿ ಹಾಕ್ಕೋ."

ಚಾಕ್ ಒರೆಸದೆ ಅಂಗಿ ಹಾಕಿಕೊಂಡೆ. ಆಕೆ ಅಂದೇ ಖಾನಾಪುರದ ರೈಲು ಹತ್ತಿಸಿದಳು. ಮರುದಿನದಿಂದ ನನ್ನ ಕೆಲಸ ಖಾನಾವಳಿಯಲ್ಲಿ ಬಡಿಸುವುದು. ಯಾರಾದರೂ ನನ್ನ ಕಡೆ ಕೈ ತೋರಿಸಿ ಕೇಳಿದರೆ, ನನ್ನೆದುರೇ, "ಹೊಸದಾಗಿ ಕೆಲಸಕ್ಕ ಬಂದಾನ್ರಿ, ನಮ್ಮಾಂವ ಅಲ್ಲ," ಅನ್ನುತ್ತಿದ್ದಳು. ಗಿರಾಕಿಯೊಬ್ಬರು, "ಪಾಪ, ಮನ್ಯಾಗ ಹಾಕತಿದ್ದಿಲ್ಲ ಕಾಣತೈತಿ," ಅಂದಾಗ, "ಹೂಂನ್ರಿ, ಎಂಥಾ ತಾಯಿನೋ ಏನೋ," ಎಂದು ಇನ್ನೊಂದು ರೊಟ್ಟಿ ಹಾಕಿದಳು. ಅವರ ತಾಟಿಗೆ. ನನ್ನ ಪಕ್ಕೆಲುಬು ಮುಚ್ಚುವ ತನಕ ನಾನು ಆಕೆಯ ಮಗನಾಗಿರಲಿಲ್ಲ.

ಆದರೆ ನೆಲದ ಪಂಕ್ತಿಯಲ್ಲಿ ಊಟಕ್ಕೆ ಬಗ್ಗಿದ ಬೆನ್ನುಗಳನ್ನು ನೀವು ನೋಡಿದ್ದೀರಾ? ಸೆಕೆಗೆ ಅಂಗಿ ಮೈಗೆ ಅಂಟಿರುತ್ತದೆ. ರೊಟ್ಟಿ ಮುರಿಯುವಾಗ ಹೆಗಲ ಹಲಗೆ ಹೊರಗೆ ಸರಿಯುತ್ತದೆ, ತುತ್ತು ಬಾಯಿಗೆ ಹೋಗುವಾಗ ಜಾರಿ ಮೇಲೆ ತಿರುಗುತ್ತದೆ. ಒಬ್ಬರೂ ಮಾಡೆಲ್ ಅಲ್ಲ, ಒಬ್ಬರಿಗೂ ಅಳ್ಳಾಡಬೇಡ ಎಂದು ಹೇಳುವ ಹಾಗಿಲ್ಲ. ಸಾರಿನ ಸೌಟು ಹಿಡಿದು ಪಂಕ್ತಿಯ ಹಿಂದೆ ನಿಂತುಬಿಡುತ್ತಿದ್ದೆ.

"ಲೇ," ಎಂದು ಒಲೆಯ ಕಡೆಯಿಂದ ಅವ್ವ ಕೂಗುತ್ತಿದ್ದಳು, "ಗಿರಾಕಿ ಬೆನ್ನ ನೋಡಬ್ಯಾಡ, ತಾಟ ನೋಡು!"