ಷಡ್ಡಕನ ಚಕ್ಕೆ ಮಿಷನ್ನು

ನನ್ನ ಷಡ್ಡಕನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ, ಸೂಳಗಿರಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಮಾವನಿಗೆ ಇಬ್ಬರೂ ಹೆಣ್ಣುಮಕ್ಕಳೇ. ದೊಡ್ಡವಳನ್ನು ಮದುವೆಯಾಗಿ ನಾನು ಮನೆ ಅಳಿಯನಾಗಿ ಬಂದಿದ್ದೆ. ಗಂಧದ ಬೇರು, ತುಂಡುಗಳನ್ನು ಚಕ್ಕೆ ಮಾಡಿ ಎಣ್ಣೆ ತೆಗೆಯುವ ಭಟ್ಟಿಗಳಿಗೆ ಕಳಿಸುವುದು ಮಾವನ ವ್ಯಾಪಾರ. ಕೊಡಲಿ ಹಿಡಿದ ಆಳುಗಳಿಗೆ ನಾನೇ ಮೇಸ್ತ್ರಿ. ಚಕ್ಕೆ ಒಂದೇ ಸಮ ಬೀಳಬೇಕೆಂದರೆ ನನ್ನನ್ನೇ ಕೂಗುತ್ತಿದ್ದರು. ಸುಖವಾಗಿದ್ದೆ.

ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ ಚಿಕ್ಕವಳ ಮದುವೆಯಾಯಿತು. ಗಂಡು ಹೊಸೂರಿನಲ್ಲಿ ಬಸ್ಸು ರಿಪೇರಿ ಮಾಡುತ್ತಿದ್ದವನು. ಬಂದವನು ಸುಮ್ಮನೆ ಉಂಡುಕೊಂಡು ಇರಬಾರದೇ? ಎಲ್ಲಿಂದಲೋ ಹಳೆಯ ಆಯಿಲ್ ಇಂಜಿನ್ನೊಂದನ್ನು ತಂದು, ಬೆಲ್ಟು ಹಾಕಿ, ದಪ್ಪ ಕಬ್ಬಿಣದ ಚಕ್ರವೊಂದು ತಿರುಗುವಂತೆ ಮಾಡಿದ. ಚಕ್ರಕ್ಕೆ ಬೋಲ್ಟು ಹಾಕಿ ಕೂರಿಸಿದ ಅಲಗುಗಳು. ಈ ಕಡೆಯಿಂದ ತುಂಡು ತೂರಿಸಿದರೆ ಆ ಕಡೆ ಚಕ್ಕೆಯ ರಾಶಿ. ಆಳುಗಳು ಕೊಡಲಿ ಕೆಳಗಿಟ್ಟು ಬಾಯಿ ಬಿಟ್ಟುಕೊಂಡು ನೋಡಿದರು. ನನ್ನನ್ನು ಮೇಸ್ತ್ರಿ ಎನ್ನುತ್ತಿದ್ದ ತೆಲುಗು ಆಳುಗಳು ಅಂದಿನಿಂದ ‘ತೋಡಲ್ಲುಡು’ ಎನ್ನತೊಡಗಿದರು, ಅವನ ಷಡ್ಡಕ ಎಂದು. ಮಾವ ಅವನನ್ನು ತಲೆಯ ಮೇಲೆ ಕೂರಿಸಿಕೊಂಡರು. ಅತ್ತೆ ಮೊದಲ ಮುದ್ದೆಯನ್ನು ಅವನ ತಟ್ಟೆಗೇ ಹಾಕುತ್ತಿದ್ದರು. ಮುದ್ದೆ ಯಾರಿಗೆ ಮೊದಲು ಬಿತ್ತೆಂದು ನೋಡುವಷ್ಟು ಸಣ್ಣವನಾದೆನಲ್ಲ ಎಂದು ನಾಚಿಕೆಯಾಗುತ್ತಿತ್ತು, ಆದರೂ ನೋಡುತ್ತಿದ್ದೆ.

ಹೊಟ್ಟೆ ಉರಿಯುವವನಷ್ಟು ಶ್ರದ್ಧೆಯಿಂದ ಮಿಷನ್ನನ್ನು ಇನ್ಯಾರೂ ಪರೀಕ್ಷೆ ಮಾಡಲಾರರು. ಅವನು ಊಟಕ್ಕೆ ಹೋದಾಗಲೆಲ್ಲ ನಾನು ಚಕ್ರದ ಸುತ್ತ ಸುಳಿಯುತ್ತಿದ್ದೆ, ಏನಾದರೂ ಹುಳುಕು ಸಿಕ್ಕೀತೇ ಎಂದು. ಸಿಕ್ಕಿತು. ಹಡಗಿನಲ್ಲಿ ಸೀಮೆಯಿಂದ ಬರುವ ಬೋಲ್ಟುಗಳು ಯುದ್ಧದಿಂದಾಗಿ ನಿಂತುಹೋಗಿದ್ದವು. ಇವನು ಗುಜರಿಯಲ್ಲಿ ಆರಿಸಿ ತಂದವನ್ನು ಹಾಕಿದ್ದ. ಬೆಳಿಗ್ಗೆ ಬಿಗಿದರೆ ಸಂಜೆಯ ಹೊತ್ತಿಗೆ ಸಡಿಲ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ತಟ್ಟಿ ನೋಡುವ ಹಾಗೆ ಒಂದೊಂದನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿದೆ. ಉಳಿದವು ಟಣ್ಣೆಂದವು. ಒಂದು ಮಾತ್ರ ಒಡಕು ಮಡಕೆಯಂತೆ ಬೊದ್ದೆಂದಿತು. ಅಬ್ಬ, ಎಂಥ ಸಂತೋಷವಾಯಿತು ನನಗೆ.

ಮಾವನ ಬಳಿಗೆ ಹೋದೆ. ಷಡ್ಡಕನೂ ಅಲ್ಲೇ ಇದ್ದ.

“ಒಂದು ಬೋಲ್ಟು ಸೀಳೈತೆ ಮಾವ. ಅಲಗು ಹಾರಿದ್ರೆ ಎದುರ್ಗೆ ನಿಂತೋನ ಎದೆಗೇ ಬೀಳ್ತದೆ.”

“ನಿಂಗೆ ಅವ್ನ ಕಂಡ್ರೆ ಆಗಾಕಿಲ್ಲ ಕಣಪ್ಪ,” ಎಂದರು ಮಾವ. “ಅದ್ಕೆ ಬೋಲ್ಟಿನ ಮ್ಯಾಲೆ ಯಾಕ್ ತೀರಿಸ್ಕೊಳ್ತೀಯಾ?”

ಷಡ್ಡಕ ನಕ್ಕ. “ದಿನಾ ಹೊತ್ತಾರೆ ಸ್ಪ್ಯಾನರ್ ಹಾಕಿ ಬಿಗೀತೀನಲ್ಲಣ್ಣ. ಏನಾಗಾಕಿಲ್ಲ ಬಿಡು.” ನಗುವಾಗ ಅವನು ನೋಡಲು ಇನ್ನೂ ಲಕ್ಷಣವಾಗಿದ್ದ. ಅದಕ್ಕೂ ಮೈ ಪರಚಿಕೊಳ್ಳುವಂತಾಯಿತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಮಿಷನ್ನು ತೊಳೆದು ಬೋಲ್ಟು ಬೋಲ್ಟಿಗೂ ಕುಂಕುಮ ಇಟ್ಟರು. ಸುತ್ತಿಗೆ, ಸ್ಪ್ಯಾನರು, ಕೊಡಲಿಗಳೆಲ್ಲ ದೇವರ ಮುಂದಿನ ಹಲಗೆಯ ಮೇಲೆ ಹೋದವು. ಮಾವನ ಮನೆಯಲ್ಲಿ ಒಂದು ಪದ್ಧತಿಯಿತ್ತು. ವಿಜಯದಶಮಿಯ ಬೆಳಿಗ್ಗೆ ಹೊಸದಾಗಿ ಕಡಿದ ಗಂಧದ ಚಕ್ಕೆಯನ್ನು ದೇವರಿಗಿಡಬೇಕು, ಆಮೇಲೆಯೇ ಪೂಜೆಗಿಟ್ಟ ಸಾಮಾನನ್ನು ಮುಟ್ಟಬೇಕು. ಆ ಚಕ್ಕೆಗೆಂದೇ ಒಂದು ಕೊಡಲಿಯನ್ನು ಪೂಜೆಗಿಡದೆ ಹೊರಗೆ ಉಳಿಸಿಕೊಳ್ಳುತ್ತಿದ್ದೆವು, ಕಡಿಯುವ ಮರ್ಯಾದೆ ನನ್ನದು. ಈ ವರ್ಷ ಚಕ್ಕೆ ಮಿಷನ್ನಿನಿಂದಲೇ ಬರಲಿ ಎಂದರು ಮಾವ.

ಆ ಬೆಳಿಗ್ಗೆ ಎಲ್ಲರೂ ಮಿಷನ್ನಿನ ಮುಂದೆ ಸೇರಿದ್ದರು. ಷಡ್ಡಕ ಹೊಸ ಪಂಚೆ ಉಟ್ಟು, ಕಿವಿಗೆ ಹೂವು ಸಿಕ್ಕಿಸಿಕೊಂಡು ನಿಂತಿದ್ದ. ಅವನ ಪಕ್ಕದಲ್ಲೇ ಚಿಕ್ಕವಳು, ಕಂಕುಳಲ್ಲಿ ಕೂಸು. ನಾನು ಹಲ್ಲು ಕಚ್ಚಿಕೊಂಡು ಗೋಡೆಗೊರಗಿದ್ದೆ. ಅವನು ಇಂಜಿನ್ನಿನ ಹ್ಯಾಂಡಲಿಗೆ ಕೈ ಹಾಕಿದಾಗ ಹೊಳೆಯಿತು: ಸ್ಪ್ಯಾನರು ಪೂಜೆಯಲ್ಲಿದೆ. ಇಂದು ಬೋಲ್ಟುಗಳನ್ನು ಯಾರೂ ಬಿಗಿದಿಲ್ಲ.

“ತಡಿಯಲಾ, ತಿರುಗಿಸ್ಬ್ಯಾಡ,” ಎಂದು ಕೂಗಿ ಒಳಗೆ ಓಡಿದೆ. ಹಲಗೆಯ ಮೇಲಿನ ಸ್ಪ್ಯಾನರನ್ನು ಹೂವು, ಅಕ್ಷತೆ ಸಮೇತ ಎತ್ತಿಕೊಂಡೆ. ಹಿಂದೆಯೇ ಬಂದ ನನ್ನ ಹೆಂಡತಿ, “ಅದನ್ನ ಮುಟ್ಬ್ಯಾಡ್ರಿ, ನಿಮ್ ದಮ್ಮಯ್ಯ,” ಎಂದು ತೋಳು ಹಿಡಿದಳು. ಕೊಸರಿಕೊಂಡು ಬಂದು ಆ ಬೊದ್ದೆನ್ನುವ ಬೋಲ್ಟಿಗೆ ಹಾಕಿ ತಿರುಗಿಸಿದೆ. ಅರ್ಧ ಸುತ್ತೂ ಬೇಕಾಗಲಿಲ್ಲ. ತಲೆ ಮುರಿದು ಕೈಗೆ ಬಂತು. ಮುರಿದ ಜಾಗವೆಲ್ಲ ಹಳೆಯ ತುಕ್ಕು, ಒಂದು ಅಂಚು ಮಾತ್ರ ಹೊಳೆಯುತ್ತಿತ್ತು. ಆ ಅಂಚಿನ ಬಲದಲ್ಲೇ ಆ ಅಲಗು ಇಷ್ಟು ದಿನ ನಿಂತಿತ್ತು.

ಈಗಲಾದರೂ ಒಂದು ಒಳ್ಳೆಯ ಮಾತು ಬಂದೀತೆಂದು ಕಾದೆ. ಅತ್ತೆ ಒಳಗೆ ಹೋಗಿ ಉಪ್ಪು, ಮೆಣಸಿನಕಾಯಿ ತಂದು ಚಿಕ್ಕ ಅಳಿಯನಿಗೆ ದೃಷ್ಟಿ ತೆಗೆಯತೊಡಗಿದರು. “ದಿನಾ ಅದ್ನೇ ನೋಡ್ತಾ ನಿಂತಿರ್ತಿದ್ದ,” ಎಂದರು, ನನ್ನ ಹೆಸರೆತ್ತದೆ. “ಆ ಕಣ್ಣು ತಾಗಿ ತಾಗಿ ಕಬ್ಬಿಣಾನೇ ಸೀಳ್ಹೋಗೈತೆ.” ಮಾವ ಹೌದೆಂಬಂತೆ ತಲೆಯಾಡಿಸಿದರು. ಹೆಂಡತಿ ನೆಲ ನೋಡಿದಳು. ಸ್ಪ್ಯಾನರನ್ನು ಎತ್ತಿ ಬಿಸಾಕಿ ಊರು ಬಿಟ್ಟು ಹೋಗಿಬಿಡೋಣ ಎನಿಸಿತು.

ಷಡ್ಡಕ ಬೋಲ್ಟಿನ ತಲೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದ. ಇನ್ನೂ ನಿವಾಳಿಸುತ್ತಿದ್ದ ಅತ್ತೆಯ ಕೈಯನ್ನು ಮೆಲ್ಲಗೆ ಸರಿಸಿದ.

“ಹಂಗನ್ಬ್ಯಾಡಿ ಅತ್ತೆ. ಅಣ್ಣ ನೋಡ್ದಿದ್ರೆ ನಾನು ಇವತ್ತು ಇರ್ತಿರ್ಲಿಲ್ಲ.” ಆಮೇಲೆ ಮಾವನ ಕಡೆ ತಿರುಗಿದ. “ಅವತ್ತು ಅಣ್ಣ ಹೇಳ್ದಾಗ ನಾನೇ ಕೇಳ್ಲಿಲ್ಲ, ತಪ್ಪು ನಂದು. ಇನ್ಮ್ಯಾಕೆ ಅಣ್ಣ ನೋಡಿ ಸರಿ ಅಂದ್ರೇನೇ ಇಂಜಿನ್ನು ಶುರು ಮಾಡೋದು.”

ಎಲ್ಲರೂ ನನ್ನನ್ನು ನೋಡಿದರು. ಆಳುಗಳೂ ನೋಡಿದರು. ಅಷ್ಟು ಜನರೆದುರು, ಅಷ್ಟು ಸಲೀಸಾಗಿ ಆ ಮಾತು ಅವನ ಬಾಯಿಂದ ಬಂದಿತ್ತು. ಅವನ ಜಾಗದಲ್ಲಿ ನಾನಿದ್ದಿದ್ದರೆ ಸತ್ತರೂ ಬರುತ್ತಿರಲಿಲ್ಲ. ಅದು ತಿಳಿದಾಗ ಉರಿದಷ್ಟು ನನ್ನ ಹೊಟ್ಟೆ ಅದುವರೆಗೆ ಯಾವತ್ತೂ ಉರಿದಿರಲಿಲ್ಲ.