ಮನೆಗೊಂದೇ ಸೀಟು

ಬೆಳಕು ಹರಿಯುವ ಮೊದಲು ಲಾಂಡ್ರಿ ಅಕ್ಕ ನೀರು ಹಿಡಿಯುತ್ತಾಳೆ, ಹಾಸಿಗೆ ಹಿಡಿದ ಅತ್ತೆಯನ್ನು ಮಗ್ಗುಲು ಹೊರಳಿಸಿ ಒದ್ದೆ ಬಟ್ಟೆ ಬದಲಿಸುತ್ತಾಳೆ, ಕಿಟಕಿ ಸಂದಿಯಲ್ಲಿ ನುಗ್ಗಿದ ಬೂದಿ ಒರೆಸುತ್ತಾಳೆ, ಅಡುಗೆ ಮುಗಿಸಿ ಗಂಡನ ಡಬ್ಬಿ ಕಟ್ಟುತ್ತಾಳೆ, ಅವನ ಚಪ್ಪಲಿ ಹುಡುಕಿಕೊಡುತ್ತಾಳೆ. ಅವು ಅವನ ಕಾಲಬುಡದಲ್ಲೇ ಇರುತ್ತವೆ. ಇಷ್ಟಾದ ಮೇಲೆ ಕೆಲಸಕ್ಕೆ ಹೊರಡುತ್ತಾಳೆ.

ಕೆಲಸವೆಂದರೆ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಲಾಂಡ್ರಿ. ಗಂಡ ಅಲ್ಲೇ ಬಾಯ್ಲರ್ ವಿಭಾಗದಲ್ಲಿದ್ದಾನೆ. ಬಾಯ್ಲರಿನವರ ಮಸಿಬಟ್ಟೆಗಳನ್ನು ಒಣಗಿರುವಾಗಲೇ ಕೊಡವಬೇಕು; ನೀರು ಸೋಕಿದರೆ ಮಸಿ ಎಳೆಯೊಳಗೆ ಕೂತುಬಿಡುತ್ತದೆ. ಹತ್ತೊಂಬತ್ತು ವರ್ಷ ಕೊಡವಿದ್ದೆಲ್ಲ ಅವಳ ಮೂಗಿಗೆ.

ಕಳೆದ ತಿಂಗಳು ಸರ್ಕಾರದ ಮೂವತ್ತು ವರ್ಷದ ಯೋಜನೆ ಹೊರಬಿತ್ತು. ಭೂಮಿ ಬಿಸಿಯೇರುತ್ತಿದೆ, ದೇಶದ ಹೊಗೆ ಬಹುಪಾಲು ಇಳಿಯಬೇಕು, ಮೊದಲು ಈ ಸ್ಥಾವರ ಮುಚ್ಚಬೇಕು. ಅವಳಿಗೆ ತಕರಾರಿರಲಿಲ್ಲ. ಬೂದಿ ಒರೆಸುವವಳಿಗೆ ಹೊಗೆಯ ಮೇಲೆಂಥ ಮಮಕಾರ? ಕೆಲಸ ಕಳೆದುಕೊಂಡವರಿಗೆ ಸೋಲಾರ್ ಫಲಕ ಕೂರಿಸುವ ತರಬೇತಿ, ಆರು ತಿಂಗಳು ದೂರದ ಹಾಸ್ಟೆಲಿನಲ್ಲಿ. ಪಾಸಾದರೆ ನೌಕರಿ. ಆದರೆ ಮನೆಗೊಂದೇ ಸೀಟು.

"ನಮ್ಮನೇಲಿ ಎರಡು ಕೆಲಸ ಹೋಗ್ತಿದೆಯಲ್ಲಪ್ಪಾ," ಎಂದಳು ಗುಮಾಸ್ತನಿಗೆ.

"ಯೋಜನೇಲಿ ಮನೆ ಅಂದ್ರೆ ಒಂದೇ ಅಕ್ಕ. ಎರಡು ಹೆಸರು ಹಾಕಿದ್ರೆ ಎರಡೂ ರದ್ದು. ನಾನೇನ್ ಮಾಡ್ಲಿ?"

ಅರ್ಜಿ ಕೊಡುವ ಕೊನೆಯ ದಿನ ಬೆಳಿಗ್ಗೆ ಗಂಡ ಅದರಲ್ಲಿ 'ಯಜಮಾನನ ಒಪ್ಪಿಗೆ' ಎಂದಿದ್ದ ಕಡೆ ಸಹಿ ಹಾಕಿದ. "ಉಳಿದಿದ್ದು ನೀನೇ ತುಂಬ್ಸು. ನನ್ನ ಹೆಸರು ಬರಿ."

"ಏಣಿ ಹತ್ತಬೇಕಂತೆ ರೀ. ಸ್ಟೂಲ್ ಹತ್ತಿದ್ರೇ ನಿಮಗೆ ತಲೆ ತಿರುಗುತ್ತೆ. ಈ ಮನೇಲಿ ಬಲ್ಬ್ ಹಾಕೋಳು ನಾನು."

"ಅದೆಲ್ಲ ಕಲಿಸ್ತಾರೆ. ನೀನು ಹೋದ್ರೆ ಅಮ್ಮನ್ನ ನೋಡೋರ್ಯಾರು?"

ಒಳಗಿನಿಂದ ಅತ್ತೆ ಕೂಗಿದರು: "ನನ್ನ ನೆಪ ಹೇಳ್ಬೇಡ ಕಣೋ! ಆರು ತಿಂಗಳು ನೀನೇ ಹೊರಳಿಸು, ನೋಡೋಣ!"

ಅವನು ನಕ್ಕು ಹೊರಟುಹೋದ.

ಮಧ್ಯಾಹ್ನ ಲಾಂಡ್ರಿಯ ಮೇಜಿನ ಮೇಲೆ ಅರ್ಜಿ ಬಿಡಿಸಿಟ್ಟು ಒಬ್ಬಳೇ ಕೂತಳು. ಅವನು ಹೋದರೆ ಮೊದಲ ಏಣಿಗೇ ವಾಪಸ್ಸು. ಮನೆಗಿದ್ದ ಒಂದು ಸೀಟೂ ಹೋಯಿತು. ತಾನು ಹೋದರೆ? ತಂಗಿಯ ಹೆರಿಗೆಗೆಂದು ಒಮ್ಮೆ ನಾಲ್ಕು ದಿನ ಹೋಗಿ ಬಂದಾಗ ಅತ್ತೆಯ ಬೆನ್ನಲ್ಲಿ ಅಂಗೈಯಗಲ ಹುಣ್ಣು. "ಅಮ್ಮ ಕರೀಲೇ ಇಲ್ಲ ಕಣೇ," ಎಂದಿದ್ದ ಗಂಡ. ಹುಣ್ಣು ಮಾಯಲು ಮೂರು ತಿಂಗಳು ಹಿಡಿದಿತ್ತು. ಆ ದಪ್ಪ ಯೋಜನೆಯಲ್ಲಿ ಮುದುಕಿಯನ್ನು ಹೊರಳಿಸುವುದು ಯಾರೆಂದು ಎಲ್ಲಿಯೂ ಬರೆದಿರಲಿಲ್ಲ.

ತನ್ನ ಹೆಸರಿನ ಮೊದಲಕ್ಷರ ಬರೆದಳು. ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಗಂಡನ ಹೆಸರು ಬರೆದಳು.