ನಿಲೋಫರ್ ಹಾಕಿದ ವಿಡಿಯೋ

ರಾಮದುರ್ಗದ ನಿಲೋಫರ್ ಶಾಲೆ ಮಕ್ಕಳ ಯುನಿಫಾರ್ಮ್ ಹೊಲಿಯುವವಳು. ವರ್ಷಗಟ್ಟಲೆ ಮಷಿನ್ ಮುಂದೆ ಬಗ್ಗಿ ಕೂತು ನಡು ಹಿಡಿದುಕೊಂಡಾಗ, ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದರು. ಪಕ್ಕದ ಮನೆಯ ಅಂಗನವಾಡಿ ಟೀಚರ್ ನೀಲಾ ಜೊತೆಯಾದಳು. ಮೊದಮೊದಲು ಊರ ಹೊರಗಿನ ರಸ್ತೆ, ಆಮೇಲೆ ರವಿವಾರಕ್ಕೊಮ್ಮೆ ಸಾಲಹಳ್ಳಿ ಕಡೆಯ ಗುಡ್ಡ. ನಡು ಸಡಿಲಾದ ಮೇಲೂ ಗುಡ್ಡ ಮಾತ್ರ ಬಿಡಲಿಲ್ಲ.

ಇಬ್ಬರ ನಡುವೆ ಜಗಳವೆಂದರೆ ಒಂದೇ, ನಿಲೋಫರಳ ಫೋನಿನದು. ಹೂವು ಕಂಡರೆ ಫೋಟೋ, ಹಕ್ಕಿ ಕೂಗಿದರೆ ರೆಕಾರ್ಡು.

"ಕಣ್ಣಿಲೆ ಏನರ ನೋಡಿದಿ ಏನ್ ನೀ? ಅದನ್ನ ಚೀಲದಾಗ ಇಡ," ಎಂದು ನೀಲಾ ಗೊಣಗುತ್ತಿದ್ದಳು.

"ವಾರೆಲ್ಲಾ ಮಷಿನ್ ಮುಂದ ಕುಂಡ್ರಾಕಿ ನಾನು. ಅಲ್ಲೆ ಕುಂತು ನೋಡಾಕ ಇವು ಬೇಕವಾ ನನಗ," ಎನ್ನುತ್ತಿದ್ದಳು ನಿಲೋಫರ್.

ಈ ಬೇಸಿಗೆಯ ಮೊದಲಿಗೆ ಬಂಡೆಯ ಸಂದಿಯಲ್ಲಿ ಅವಳಿಗೆ ಗೂಗಿ, ಅಂದರೆ ದೊಡ್ಡ ಗೂಬೆ, ಕಂಡಿತು. ಕೊಂಬಿನಂಥ ಕಿವಿ, ಕೆಂಡದಂಥ ಕಣ್ಣು, ರೆಕ್ಕೆಯ ಮಗ್ಗುಲಲ್ಲಿ ಅರಳೆ ಉಂಡೆಯಂಥ ಎರಡು ಮರಿ. ಇಬ್ಬರೂ ಉಸಿರು ಬಿಗಿಹಿಡಿದು ನಿಂತರು. ನಿಲೋಫರಳ ಕೈ ತಾನಾಗಿಯೇ ಫೋನಿಗೆ ಹೋಯಿತು.

ಮನೆಗೆ ಬಂದು, ಲೊಕೇಶನ್ ಸಮೇತ ವಿಡಿಯೋ ಹಾಕಿದಳು. ಬೆಳಗಾಗುವುದರೊಳಗೆ ಸಾವಿರಾರು ಜನ ನೋಡಿದ್ದರು. ಬಟ್ಟೆ ಒಯ್ಯಲು ಬಂದವರದೂ ಅದೇ ಮಾತು. ಹೊಲಿಗೆಗೆ ಯಾರೂ ಅವಳನ್ನು ಇಷ್ಟು ಹೊಗಳಿರಲಿಲ್ಲ.

ಮುಂದಿನ ರವಿವಾರ ಬಂಡೆಯ ಹತ್ತಿರ ಏಳೆಂಟು ಬೈಕು ನಿಂತಿದ್ದವು. ಮದುವೆ ಫೋಟೋ ತೆಗೆಯುವ ವಾಸೀಮ್ ಡ್ರೋನ್ ಹಾರಿಸುತ್ತಿದ್ದ. ಅವಳನ್ನು ಕಂಡು ಮುಖ ಅರಳಿಸಿದ.

"ಆಪಾ, ನಿಮ್ಮ ವಿಡಿಯೋ ನೋಡೇ ಬಂದೇವ್ರಿ."

"ಇಳಸಪಾ ಅದನ್ನ, ಮೊದಲ ಇಳಸ," ಎಂದು ನಿಲೋಫರ್ ಹೇಳುವಷ್ಟರಲ್ಲಿ ಡ್ರೋನ್ ಗುಂಯ್ಗುಡುತ್ತ ಸಂದಿಯ ಎದುರಿಗೇ ಬಂತು. ತಾಯಿ ರೆಕ್ಕೆ ಬಡಿದು ಕಣಿವೆಯ ಕಡೆ ಹಾರಿತು. ಬೆದರಿ ಹಿಂದೆ ಸರಿದ ಒಂದು ಮರಿ ಅಂಚು ತಪ್ಪಿ ಕಲ್ಲಿನ ಮೇಲೆ ಬಿತ್ತು. ವಾಸೀಮ್ ಡ್ರೋನ್ ಇಳಿಸಿದ.

ನಿಲೋಫರ್ ಮರಿಯನ್ನು ದುಪಟ್ಟಾದಲ್ಲಿ ಎತ್ತಿಕೊಂಡಳು. ನೀಲಾ ಅವಳ ಫೋನ್ ಇಸಿದುಕೊಂಡು ಅರಣ್ಯ ಇಲಾಖೆಗೆ ಕರೆ ಹಚ್ಚಿದಳು. ಅವರು ಬಂದು ಎಲ್ಲರನ್ನೂ ಕೆಳಗಿಳಿಸಿ ಮರಿಯನ್ನು ಒಯ್ದರು. ಸಂಜೆಗೆ ಅದು ಸತ್ತ ಸುದ್ದಿ ಬಂತು.

ನಿಲೋಫರ್ ವಿಡಿಯೋ ಅಳಿಸಿದಳು. ಅಷ್ಟರಲ್ಲಿ ಅದು ಯಾರ್ಯಾರದೋ ಹೆಸರಿನಲ್ಲಿ, ಹಾಡು ಹಚ್ಚಿಕೊಂಡು ತಿರುಗುತ್ತಿತ್ತು. ಕೈಮುಗಿದು ಕೇಳಿಕೊಂಡಾಗ ಕೆಲವರು ತೆಗೆದರು, ಕೆಲವರು ನಕ್ಕರು.

ಕೆಲವು ವಾರ ಅವಳು ಗುಡ್ಡಕ್ಕೆ ಹೋಗಲಿಲ್ಲ. ಕೊನೆಗೆ ನೀಲಾ ಬಾಗಿಲಿಗೆ ಬಂದು ನಿಂತಳು.

"ನಾ ಒಲ್ಲೆ. ಬಂದರೂ ಫೋನ್ ತರಂಗಿಲ್ಲ," ಎಂದಳು ನಿಲೋಫರ್.

"ತಗೊಂಡ ಬಾ. ಅವತ್ತ ಫೋನ್ ಇದ್ದದ್ದಕ್ಕ ಮಂದಿನ ಲಗೂ ಇಳಿಸಿದರು. ಹೊರಗ ಮಾತ್ರ ತೆಗೀಬ್ಯಾಡ."

ಗುಡ್ಡ ಹತ್ತಿ, ಬಂಡೆಯನ್ನು ದೂರದಿಂದಲೇ ನೋಡಿದರು. ಸಂದಿ ಖಾಲಿ. ಉಳಿದ ಮರಿ ಹಾರಲು ಕಲಿತು ಹೋಯಿತೋ, ನರಿಯ ಪಾಲಾಯಿತೋ, ಯಾರಿಗೆ ಗೊತ್ತು. ನಿಲೋಫರ್ ಅದನ್ನೇ ಕೇಳಿಯಾಳೆಂದು ಹೆದರಿದವಳಂತೆ ನೀಲಾ ಬೇರೆ ದಾರಿ ಹಿಡಿದಳು.

ಇಳಿಜಾರಿನಲ್ಲಿ ಮುತ್ತುಗ ಹೂಬಿಟ್ಟು ನಿಂತಿತ್ತು. ನಿಲೋಫರ್ ನಿಂತು ನೋಡಿದಳು. ಎಷ್ಟು ಹೊತ್ತು ನೋಡಿದರೂ ಅದು ಬರಿಗಣ್ಣಿಗೆ ಹತ್ತಲಿಲ್ಲ. ಫೋನ್ ಚೀಲದಲ್ಲೇ ಇತ್ತು; ಹೆಬ್ಬೆರಳು ಫೋಟೋ ಒತ್ತುವಂತೆ ಸುಮ್ಮನೆ ಅಲುಗುತ್ತಿತ್ತು. ಮುಷ್ಟಿ ಬಿಗಿಮಾಡಿಕೊಂಡು ನೀಲಾಳ ಹಿಂದೆ ಇಳಿದಳು.